ದಿ ಥಿನ್ ಬ್ಲೂ ಲೈನ್: ಆ ಮರುಚಿತ್ರಣ ಬೇಕಿತ್ತಾ?

ಹಳೇರೀಲು: ನಿನ್ನೆ ಎರಾಲ್ ಮಾರಿಸ್ ಅವರ ಈ ಸಾಕ್ಷ್ಯಚಿತ್ರವನ್ನು (1988) ಮತ್ತೆ ನೋಡಿದೆ. 1976ರಲ್ಲಿ ಡಲ್ಲಾಸ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಕೊಲೆ. ಮಾಡದ ತಪ್ಪಿಗೆ ರ‍್ಯಾಂಡಲ್ ಡೇಲ್ ಆಡಮ್ಸ್‌ಗೆ ಮರಣದಂಡನೆ, ಆಮೇಲೆ ಅದು ಜೀವಾವಧಿ ಆಯಿತು. ಸಿನಿಮಾ ಬಂದ ಮರುವರ್ಷ ಬಿಡುಗಡೆ. ಇಷ್ಟು ದೊಡ್ಡ ಕೆಲಸ ಮಾಡಿದ ಚಿತ್ರ ನಿಜ, ಆದರೆ ನಟರನ್ನಿಟ್ಟು ಗುಂಡು ಹಾರಿಸಿದ ಆ ದೃಶ್ಯಗಳು ನನಗೆ ಹಿಡಿಸಲಿಲ್ಲ. ಒಬ್ಬರ ಜೀವ ಹೋಗಿದೆ, ಇನ್ನೊಬ್ಬರ ಹನ್ನೆರಡು ವರ್ಷ ಹೋಗಿದೆ, ಅಲ್ಲಿ ಮಿಲ್ಕ್‌ಶೇಕ್ ಲೋಟ ಸ್ಲೋ ಮೋಷನ್‌ನಲ್ಲಿ ಹಾರಬೇಕಾ?

ಕತ್ತರಿಕೆಲಸ: ಸರ್, ಆ ಲೋಟ ಸುಮ್ನೆ ಚೆಂದಕ್ಕೆ ಇಟ್ಟಿದ್ದಲ್ಲ. ಅದು ಕೊಲೆಯಾದ ಅಧಿಕಾರಿಯ ಜೊತೆಗಿದ್ದ ಮಹಿಳಾ ಪೊಲೀಸ್ ಕೈಯಲ್ಲಿದ್ದದ್ದು. ಅವರು ನಿಯಮದಂತೆ ಕಾರಿನಿಂದ ಇಳಿದು ನಿಂತಿದ್ದರಾ, ಇಲ್ಲ ಒಳಗೇ ಕೂತಿದ್ದರಾ ಅನ್ನುವುದೇ ಅಲ್ಲಿನ ಪ್ರಶ್ನೆ. ಒಳಗಿದ್ದರೆ ಅವರಿಗೆ ಕಂಡಿದ್ದಾದರೂ ಎಷ್ಟು? ಇನ್ನೊಂದು ಗಮನಿಸಿ, ಅದೇ ಗುಂಡೇಟು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಏನೋ ಒಂದು ಬೇರೆ ಇರುತ್ತದೆ, ಯಾಕೆಂದರೆ ಮಾರಿಸ್ ತೋರಿಸುತ್ತಿರುವುದು ನಡೆದದ್ದನ್ನಲ್ಲ, ಅವರವರು ಹೇಳಿದ್ದನ್ನು. ಬಾಯಲ್ಲಿ ಕೇಳಿದಾಗ ಹೂಂ ಅಂದುಬಿಡುತ್ತೇವೆ. ಕಣ್ಣೆದುರು ಇಟ್ಟಾಗ ಒಂದಕ್ಕೊಂದು ತಾಳೆಯಾಗಲ್ಲ ಅಂತ ಗೊತ್ತಾಗುತ್ತದೆ.

ಸದ್ದುಗಾರ: ಮರುಚಿತ್ರಣ ಒಪ್ಪಿದೆ. ನನ್ನ ತಕರಾರು ಫಿಲಿಪ್ ಗ್ಲಾಸ್ ಸಂಗೀತದ್ದು. ಅದ್ಭುತವಾಗಿದೆ, ಅದೇ ತೊಂದರೆ. ಸಾಕ್ಷಿ ಮಾತಾಡುವಾಗ ಕೆಳಗೆ ಅಂಥ ಸಂಗೀತ ಹರಿದರೆ, ಮಾತು ಮುಗಿಯುವ ಮೊದಲೇ ಇವನನ್ನು ನಂಬಬಾರದು ಅಂತ ಮನಸ್ಸು ತೀರ್ಮಾನ ಮಾಡಿರುತ್ತದೆ. ಇಲ್ಲಿ ಆ ತೀರ್ಮಾನ ಸರಿ ಇತ್ತು. ನಾಳೆ ಯಾರೋ ಇದೇ ವಿದ್ಯೆಯನ್ನು ತಪ್ಪು ಮಾಡದವನ ಮೇಲೆ ಬಳಸಿದರೂ ಇಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಅಲ್ವಾ? ನಾನು ದಿನಾ ಸೌಂಡ್ ಕೆಲಸ ಮಾಡುವವನು, ಇದು ನನಗೆ ನಿಜವಾಗಲೂ ಭಯ ಹುಟ್ಟಿಸುತ್ತದೆ.

ಮೊದಲಸಲ: ಮಾತಾಡುವವರ ಹೆಸರೂ ಹಾಕಿಲ್ಲ! ಯಾರು ವಕೀಲರು, ಯಾರು ಸಾಕ್ಷಿ ಅಂತ ನನಗೆ ಎಷ್ಟೋ ಹೊತ್ತು ಗೊತ್ತಾಗಲಿಲ್ಲ. ಒಂದು ಪ್ರಾಣದ ಪ್ರಶ್ನೆ ಇರುವಾಗ ನೋಡುವವರನ್ನು ಹೀಗೆ ಗೊಂದಲದಲ್ಲಿ ಬಿಡಬಾರದು.

ಕತ್ತರಿಕೆಲಸ: ಅದರಿಂದ ಕಷ್ಟ ಆಗುತ್ತದೆ, ಒಪ್ಪುತ್ತೇನೆ. ಆದರೆ ಆಡಮ್ಸ್ ವಿರುದ್ಧ ಸಾಕ್ಷಿ ಹೇಳಿದ್ದ ಡೇವಿಡ್ ಹ್ಯಾರಿಸ್ ತಲೆ ಕೆರೆದುಕೊಳ್ಳಲು ಕೈ ಎತ್ತಿದ್ದು ನೆನಪಿದೆಯಾ? ಆಗ ಬೇಡಿ ಕಾಣುತ್ತದೆ. ಅಲ್ಲಿವರೆಗೆ ನಾವು ಅವನ ಮಾತನ್ನಷ್ಟೇ ಕೇಳಿರುತ್ತೇವೆ. ಹೆಸರಿನ ಕೆಳಗೆ 'ಕೈದಿ' ಅಂತ ಮೊದಲೇ ಬರೆದಿದ್ದರೆ ಹಾಗೆ ಕೇಳುತ್ತಿರಲಿಲ್ಲ.

ಹಳೇರೀಲು: ಲೋಟದ ವಿಷಯದಲ್ಲಿ ನಾನು ತಪ್ಪು ತಿಳಿದಿದ್ದೆ. ಸಂಗೀತದ ಬಗ್ಗೆ ಸದ್ದುಗಾರರ ಮಾತೇ ನನ್ನದೂ. ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಕೊನೆಯ ಭಾಗ. ಕ್ಯಾಮೆರಾ ಕೆಟ್ಟು ಹ್ಯಾರಿಸ್‌ನ ಕೊನೆಯ ಸಂದರ್ಶನ ಬರೀ ಟೇಪ್‌ನಲ್ಲಿ ಸಿಕ್ಕಿತ್ತು. ತೆರೆಯ ಮೇಲೆ ಒಂದು ಸಣ್ಣ ಟೇಪ್ ರೆಕಾರ್ಡರ್. ಮುಖವಿಲ್ಲ, ನಟರಿಲ್ಲ. ಆಡಮ್ಸ್ ತಪ್ಪು ಮಾಡಿಲ್ಲ ಅಂತ ಹ್ಯಾರಿಸ್ ಬಾಯಿಂದ ಬರುವುದು ಅಲ್ಲೇ.

ಸದ್ದುಗಾರ: ಆ ಭಾಗವನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ಸರ್.