ಬಾಹಾ ಪ್ರವಾಸ: ಪೆಟ್ರೋಲ್ ಬಂಕಿನಲ್ಲಿ ಮೋಸ ಹೋಗದಿರಲು ಏನು ಮಾಡಬೇಕು?

ನಮಸ್ಕಾರ ಎಲ್ಲರಿಗೂ. ಚಳಿಗಾಲದ ರಜೆಗೆ ನಾನು, ನಮ್ಮನೆಯವರು, ಅತ್ತೆ-ಮಾವ ಸೇರಿ ನಮ್ಮದೇ ಕಾರಿನಲ್ಲಿ ಸ್ಯಾನ್ ಡಿಯಾಗೋದಿಂದ ಗಡಿ ದಾಟಿ ಮೆಕ್ಸಿಕೋದ ಬಾಹಾ ಪರ್ಯಾಯ ದ್ವೀಪದ ಉದ್ದಕ್ಕೂ ಲಾ ಪಾಸ್‌ವರೆಗೆ ಹೋಗೋಣ ಅಂತಿದ್ದೇವೆ. ಅಲ್ಲಿನ ಬಂಕುಗಳಲ್ಲಿ ಮೀಟರಲ್ಲೂ ಮೋಸ, ಚಿಲ್ಲರೆಯಲ್ಲೂ ಮೋಸ ಅಂತ ಆಫೀಸಿನಲ್ಲಿ ತಲೆಗೊಂದು ಕಥೆ ಹೇಳಿ ಹೆದರಿಸಿಟ್ಟಿದ್ದಾರೆ. ನಮಗ್ಯಾರಿಗೂ ಸ್ಪ್ಯಾನಿಷ್ ಬರಲ್ಲ. ಯಾವ ಬಂಕ್ ನಂಬಬಹುದು, ಏನೇನು ನೋಡಿಕೊಳ್ಳಬೇಕು? ಹೋಗಿ ಬಂದವರು ದಯವಿಟ್ಟು ತಿಳಿಸಿ.

*

ಮೇಡಂ, ಹೆದರಬೇಡಿ. ಆ ದಾರಿ ಚೆನ್ನಾಗಿದೆ, ಜನರೂ ಒಳ್ಳೆಯವರು. ಆದರೆ ಬಂಕಿನಲ್ಲಿ ಕಾರಿನೊಳಗೆ ಕೂತುಕೊಂಡೇ ಪೆಟ್ರೋಲ್ ಹಾಕಿಸುವ ಅಭ್ಯಾಸವಿದ್ದರೆ ಗಡಿಯಲ್ಲೇ ಬಿಟ್ಟುಬಿಡಿ. ಮೆಕ್ಸಿಕೋದಲ್ಲಿ ಬಹುತೇಕ ಕಡೆ ಹಾಕುವವರು ಬಂಕಿನ ಹುಡುಗರೇ, ನಾವು ನಾಜಲ್ ಮುಟ್ಟುವ ಹಾಗಿಲ್ಲ. ಹಾಗಾಗಿ ಕಾರು ನಿಲ್ಲಿಸಿದ ಕೂಡಲೇ ಡ್ರೈವರ್ ಇಳಿದು ಮೀಟರಿನ ಎದುರಿಗೇ ಹೋಗಿ ನಿಲ್ಲಬೇಕು. ಹಿಂದಿನ ಗಿರಾಕಿ 200 ಪೆಸೋಗೆ ಹಾಕಿಸಿ ಹೋಗಿದ್ದರೆ ಮೀಟರಿನಲ್ಲಿ ಆ 200 ಹಾಗೇ ಕೂತಿರುತ್ತದೆ. ಸೊನ್ನೆ ಮಾಡದೆ ಅಲ್ಲಿಂದಲೇ ಶುರು ಮಾಡಿದರೆ ಎಂಟು ಲೀಟರಿನ ದುಡ್ಡು ನಿಮ್ಮ ತಲೆಗೆ. ಪೆಟ್ರೋಲ್ ಮುಚ್ಚಳ ತೆಗೆಯುವ ಮೊದಲೇ ಮೀಟರಿನ ಕಡೆ ಬೆರಳು ತೋರಿಸಿ "ಎನ್ ಸೆರೋಸ್, ಪೊರ್ ಫಾವೋರ್" ಅನ್ನಿ. ಸೊನ್ನೆ ತೋರಿಸಿ ಅಂತ ಕೇಳಿದ ಹಾಗೆ. ಅಲ್ಲಿನವರೂ ದಿನಾ ಹೀಗೇ ಕೇಳುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಎಷ್ಟೋ ಹುಡುಗರು ತಾವೇ ಮೀಟರ್ ತೋರಿಸಿ "ಸೆರೋಸ್" ಅಂತ ಹೇಳಿಯೇ ಶುರು ಮಾಡುತ್ತಾರೆ.

ಇನ್ನು ದುಡ್ಡಿನ ವಿಚಾರ. ನನ್ನ ಪ್ರಕಾರ ಮೀಟರಿಗಿಂತ ಹೆಚ್ಚು ಎಚ್ಚರ ಬೇಕಾಗಿರುವುದು ಇಲ್ಲಿ. ಮೆಕ್ಸಿಕೋದ ಹಳೆಯ 20 ಪೆಸೋ ನೋಟು ನೀಲಿ, ಅದರ ಮೇಲೆ ಬೆನಿಟೋ ಹುವಾರೆಸ್ ಚಿತ್ರ. 2018ರಲ್ಲಿ ಬಂದ 500 ಪೆಸೋ ನೋಟೂ ನೀಲಿಯೇ, ಅದರ ಮೇಲೂ ಹುವಾರೆಸ್ಸೇ. 2021ರಲ್ಲಿ 20ಕ್ಕೆ ಹಸಿರು ನೋಟು ಬಂತು, ಆದರೂ ಹಳೆಯ ನೀಲಿ ಕೈಗೆ ಸಿಗುತ್ತದೆ. ಗಡಿಬಿಡಿಯಲ್ಲಿ ಇದಕ್ಕೆ ಅದು ಅನ್ನಿಸುವುದು ಸುಲಭ, ಅದನ್ನೇ ಬಳಸಿಕೊಳ್ಳುವವರೂ ಇದ್ದಾರೆ.

ನಮ್ಮ ಭಾವನ ಜೊತೆ ಹೋದಾಗ ಹೆದ್ದಾರಿ ಬದಿಯ ಒಂದು ಬಂಕಿನಲ್ಲಿ ಇದು ನನ್ನ ಕಣ್ಣೆದುರೇ ನಡೆಯಿತು. ಭಾವ ಎರಡು 500ರ ನೋಟು ಕೊಟ್ಟರು. ಅಷ್ಟರಲ್ಲಿ ಇನ್ನೊಬ್ಬ ಬಂದು ಮುಂದಿನ ಗಾಜು ಒರೆಸಲಾ ಅಂತ ಸನ್ನೆ ಮಾಡಿದ, ಭಾವ ಅತ್ತ ತಿರುಗಿದರು. ತಿರುಗಿ ನೋಡುವಷ್ಟರಲ್ಲಿ ದುಡ್ಡು ತೆಗೆದುಕೊಂಡವನ ಕೈಯಲ್ಲಿ ಒಂದು 500, ಒಂದು 20. "ನೀವು ಕೊಟ್ಟಿದ್ದು ಇಷ್ಟೇ" ಅಂತ ಚಾಚಿ ಹಿಡಿದಿದ್ದ. ನಾನು ಪಕ್ಕದಲ್ಲೇ ನಿಂತು ನೋಡಿದ್ದರಿಂದ ಅವನ ಇನ್ನೊಂದು ಮುಷ್ಟಿ ತೋರಿಸಿ ಅಲ್ಲಾಡದೆ ನಿಂತೆ. ಒಂದು ಮಾತೂ ಆಡದೆ ನೋಟು ಹೊರಗೆ ತೆಗೆದ.

ಆಮೇಲೆ ನಾವು ಒಂದು ಪದ್ಧತಿ ಇಟ್ಟುಕೊಂಡೆವು. ದುಡ್ಡು ಕೊಡುವವರು ಒಬ್ಬರೇ. ಪ್ರತಿ ನೋಟನ್ನೂ ಅವನ ಅಂಗೈ ಮೇಲೆ ಒಂದೊಂದಾಗಿ ಇಡುತ್ತಾ ಜೋರಾಗಿ ಹೇಳುವುದು: "ಕಿನಿಯೆಂತೋಸ್" ಅಂದರೆ 500, "ಮಿಲ್" ಅಂದರೆ ಸಾವಿರ. ಎಣಿಸಿ ಮುಗಿಯುವವರೆಗೆ ಗಾಜು ಒರೆಸುವವನಿಗಾಗಲಿ, ಚೂಯಿಂಗ್ ಗಮ್ ಮಾರುವವನಿಗಾಗಲಿ ಉತ್ತರ ಕೊಡುವುದಿಲ್ಲ. ಎಟಿಎಂನಿಂದ ಬರುವುದು ಬಹುತೇಕ 500ರ ನೋಟುಗಳೇ, ಊರೊಳಗಿನ ಅಂಗಡಿಗಳಲ್ಲಿ ಮುರಿಸಿ 100, 200 ಮಾಡಿಟ್ಟುಕೊಳ್ಳಿ. ಮೊತ್ತಕ್ಕೆ ಸರಿಯಾಗಿ ಕೊಟ್ಟರೆ ಚಿಲ್ಲರೆಯ ತಂಟೆಯೇ ಇಲ್ಲ.

*

ಮೇಲಿನವರು ಹೇಳಿದ್ದು ಸರಿ. ಅವು ಕಣ್ಣಿಗೆ ಕಾಣುವ ಮೋಸ. ಅಳತೆಯಲ್ಲೇ ಕಡಿಮೆ ಹಾಕಿದರೆ ಎದುರಿಗೆ ನಿಂತರೂ ಗೊತ್ತಾಗಲ್ಲ. ಅದಕ್ಕೆ ಬಂಕ್ ಆರಿಸುವಾಗಲೇ ನೋಡಬೇಕು.

ಮೆಕ್ಸಿಕೋದಲ್ಲಿ ಪ್ರೊಫೆಕೋ ಅಂತ ಸರ್ಕಾರದ ಗ್ರಾಹಕ ರಕ್ಷಣಾ ಸಂಸ್ಥೆ ಇದೆ. ಅದರವರು 20 ಲೀಟರಿನ ಅಳತೆ ಪಾತ್ರೆ ತಂದು ಪಂಪುಗಳಿಂದ ಹಿಡಿದು ನೋಡುತ್ತಾರೆ. 20 ಲೀಟರಿಗೆ 100 ಮಿಲಿಲೀಟರ್ ವ್ಯತ್ಯಾಸದವರೆಗೆ ಬಿಡುತ್ತಾರೆ, ಅದಕ್ಕಿಂತ ಕಡಿಮೆ ಬಂದರೆ ಆ ಪಂಪಿಗೆ ಸೀಲ್ ಹಾಕುತ್ತಾರೆ. ಅವರದೇ 'ಲಿಟ್ರೋ ಪೊರ್ ಲಿಟ್ರೋ' ಅನ್ನುವ ಆ್ಯಪ್ ಇದೆ. ಹತ್ತಿರದ ಬಂಕುಗಳ ದರ ಅದರಲ್ಲಿ ಸಿಗುತ್ತದೆ, ದೂರನ್ನೂ ಅದರಲ್ಲೇ ಕೊಡಬಹುದು. ಹೊರಡುವ ಮೊದಲೇ ಫೋನಿಗೆ ಹಾಕಿಕೊಳ್ಳಿ.

ಬೋರ್ಡ್ ನೋಡಿ ನಂಬಬೇಡಿ. 2016ರವರೆಗೆ ಆ ದೇಶದಲ್ಲಿ ಪೆಮೆಕ್ಸ್ ಅನ್ನುವ ಸರ್ಕಾರಿ ತೈಲ ಕಂಪನಿಯದು ಬಿಟ್ಟು ಬೇರೆ ಬೋರ್ಡೇ ಇರಲಿಲ್ಲ, ಈಗ ಗಡಿಯ ಹತ್ತಿರ ಬೇರೆ ಬೇರೆ ಬ್ರ್ಯಾಂಡುಗಳು ಬಂದಿವೆ. ಆದರೆ ಒಂದೇ ಪೆಮೆಕ್ಸ್ ಬೋರ್ಡಿನ ಕೆಳಗೆ ಬೇರೆ ಬೇರೆ ಖಾಸಗಿ ಮಾಲೀಕರಿರುತ್ತಾರೆ. ಒಂದು ಒಳ್ಳೆಯದಿದ್ದರೆ ಹತ್ತು ಕಿಲೋಮೀಟರ್ ಆಚೆಯದೂ ಹಾಗೇ ಇರುತ್ತದೆ ಅಂತಿಲ್ಲ. ನಾನು ನೋಡುವುದು ಇಷ್ಟು: ಅಲ್ಲಿನವರ ಟ್ಯಾಕ್ಸಿ, ಪಿಕಪ್ಪುಗಳು ಸಾಲು ನಿಂತಿವೆಯಾ? ದಿನವೂ ದುಡಿಮೆಗೆ ಗಾಡಿ ಓಡಿಸುವವರಿಗೆ ಲೀಟರಿನ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಪಕ್ಕದ ಬಂಕ್ ಖಾಲಿ ಹೊಡೆಯುತ್ತಿದ್ದು ಇಲ್ಲಿ ಸಾಲಿದ್ದರೆ ಸಾಲಿನಲ್ಲೇ ನಿಲ್ಲಿ.

ಟ್ಯಾಂಕಿನ ಲೆಕ್ಕ ನಿಮ್ಮ ಕೈಯಲ್ಲೇ ಇದೆ. 50 ಲೀಟರಿನ ಟ್ಯಾಂಕು, ಮುಳ್ಳು ಅರ್ಧದಲ್ಲಿದೆ, ಮೀಟರ್ 40 ಲೀಟರ್ ಅಂದರೆ ಕೇಳಲೇಬೇಕು. ಪೂರ್ತಿ ಖಾಲಿಯಿದ್ದ ಟ್ಯಾಂಕಿಗೆ 52, 53 ಹೋದರೆ ಮಾತ್ರ ಆತುರಪಟ್ಟು ಜಗಳಕ್ಕೆ ಹೋಗಬೇಡಿ. ಕಾರಿನ ಪುಸ್ತಕದಲ್ಲಿ ಕೊಟ್ಟಿರುವ ಅಳತೆಗಿಂತ ಸ್ವಲ್ಪ ಹೆಚ್ಚೇ ಹಿಡಿಯುವ ಟ್ಯಾಂಕುಗಳಿವೆ, ಕೊಳವೆಯಲ್ಲೂ ಒಂದಿಷ್ಟು ನಿಲ್ಲುತ್ತದೆ. ಇದನ್ನು ತಿಳಿಯದೆ ಪಾಪದ ಹುಡುಗನ ಮೇಲೆ ಕೂಗಾಡುವವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

*

ನೋಡ್ರಿ ಅಕ್ಕಾರ, ಒಂದು ಮಾತು ಯಾರೂ ಹೇಳಿಲ್ಲ. ಅಮೆರಿಕಾದಾಗ ಹಸಿರು ನಾಜಲ್ ಅಂದ್ರ ಹೆಚ್ಚಾಗಿ ಡೀಸೆಲ್. ಮೆಕ್ಸಿಕೋದಾಗ ಹಸಿರು ಅಂದ್ರ ಮಾಗ್ನಾ, ಅಂದ್ರ ನಮ್ಮ ಸಾದಾ ಪೆಟ್ರೋಲ್, 87 ಆಕ್ಟೇನ್. ಕೆಂಪು ಪ್ರೀಮಿಯಂ, ಕರಿದು ಡೀಸೆಲ್. ಹಸಿರು ಹಿಡಿದ್ರ ಗಾಬರಿ ಆಗಬ್ಯಾಡ್ರಿ. ಕೆಂಪು ಕೈಗೆ ತಗೊಂಡ್ರ ಮಾತ್ರ "ಮಾಗ್ನಾ" ಅಂತ ಹೇಳಿ ತಡೀರಿ, ಕೆಲವು ಕಡೆ ಕೇಳದೇ ದುಬಾರಿದು ಹಾಕ್ತಾರ. ಸಣ್ಣ ಬಾಟ್ಲಿ ತಂದು "ಅಡಿಟಿವೋ" ಅಂತ ತೋರಿಸಿದ್ರ "ನೋ, ಗ್ರಾಸಿಯಾಸ್" ಅಂದ್ರ ಮುಗೀತು. ಅದು ಇಂಜಿನ್‌ಗೆ ಹಾಕೋ ಔಷಧ ಇದ್ದಂಗ, ನಿಮ್ಮ ಗಾಡಿಗೆ ಬೇಕಾಗಿಲ್ಲ.

*

ಕಾರ್ಡ್ ಬಗ್ಗೆ ನಾನು ಹೇಳುತ್ತೇನೆ. ಊರುಗಳಲ್ಲಿ ಕಾರ್ಡ್ ನಡೆಯುತ್ತದೆ. ಕಾರ್ಡನ್ನು ಒಳಗೆ ತೆಗೆದುಕೊಂಡು ಹೋಗಲು ಬಿಡಬೇಡಿ. ಮಷಿನ್ನನ್ನೇ ತರಲು ಹೇಳಿ, ಇಲ್ಲವೇ ಅವರ ಜೊತೆ ನೀವೇ ನಡೆದು ಹೋಗಿ. ಪೆಸೋದಲ್ಲಾ ಡಾಲರಿನಲ್ಲಾ ಅಂತ ಮಷಿನ್ ಕೇಳಿದರೆ ಪೆಸೋ ಒತ್ತಿ, ಡಾಲರ್ ಒತ್ತಿದರೆ ವಿನಿಮಯ ದರದಲ್ಲಿ ಕೈ ಕಚ್ಚುತ್ತದೆ. ನಗದಿನಲ್ಲೂ ಅಷ್ಟೇ, ಡಾಲರ್ ಕೊಟ್ಟರೆ ಬಂಕಿನವರು ಹೇಳಿದ್ದೇ ದರ.

*

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೇರೆ. ಮೋಸದ ಬಂಕಿಗೆ ನಾವು ಸಿಕ್ಕಿಬೀಳುವುದು ಟ್ಯಾಂಕ್ ಬರಿದಾದಾಗ. ಮುಳ್ಳು ಕೆಂಪಿಗೆ ಇಳಿದ ಮೇಲೆ ಸಿಕ್ಕಿದ ಬಂಕೇ ಗತಿ, ಆಗ ಯಾವ ಆ್ಯಪ್ ಇದ್ದರೇನು? ಒಂದನೇ ನಂಬರಿನ ಹೆದ್ದಾರಿಯಲ್ಲಿ ಎಲ್ ರೊಸಾರಿಯೋ ದಾಟಿದ ಮೇಲೆ ಗೆರೆರೋ ನೆಗ್ರೋ ಕಡೆಗೆ 300 ಕಿಲೋಮೀಟರಿಗೂ ಹೆಚ್ಚು ದೂರ ಮರುಭೂಮಿ, ಕಳ್ಳಿ, ಬಂಡೆ. ನಂಬಿಕೊಂಡು ಹೋಗಬಹುದಾದ ಬಂಕಿಲ್ಲ. ನಡುವೆ ಕತಾವಿನ್ಯಾದಲ್ಲಿ ರಸ್ತೆ ಬದಿ ಡ್ರಮ್ಮು, ಕ್ಯಾನುಗಳಲ್ಲಿ ಪೆಟ್ರೋಲ್ ಇಟ್ಟುಕೊಂಡು ಮಾರುತ್ತಾರೆ. ಅವರನ್ನು ಮೋಸಗಾರರು ಅನ್ನಬೇಡಿ, ದೂರದಿಂದ ಹೊತ್ತು ತಂದಿರುತ್ತಾರೆ, ಅದಕ್ಕೆ ದರ ಹೆಚ್ಚು. ಅದು ಕಷ್ಟಕಾಲಕ್ಕೆ ಅಷ್ಟೇ. ಎಲ್ ರೊಸಾರಿಯೋದಲ್ಲಿ ಮುಳ್ಳು ಎಲ್ಲೇ ಇರಲಿ, ಇಳಿದು "ಯೆನೋ" ಅಂತ ಹೇಳಿ ಫುಲ್ ಮಾಡಿಸಿ. ಉಳಿದ ದಾರಿಯಲ್ಲೂ ಅರ್ಧಕ್ಕೆ ಬಂದಾಗ ಒಳ್ಳೆಯ ಬಂಕ್ ಕಂಡರೆ ಬಿಡಬೇಡಿ. ಆಗ ಯಾರಾದರೂ ಮೀಟರ್ ಸೊನ್ನೆ ಮಾಡಲು ಹಿಂದೇಟು ಹಾಕಿದರೆ ಮುಚ್ಚಳ ಮುಚ್ಚಿ ಮುಂದಕ್ಕೆ ಹೋಗುವ ಸ್ವಾತಂತ್ರ್ಯ ನಿಮಗಿರುತ್ತದೆ.

ಟಿಪ್ಸ್ ಬಗ್ಗೆಯೂ ಒಂದು ಮಾತು. ಆ ಹುಡುಗರಲ್ಲಿ ಎಷ್ಟೋ ಜನರ ಸಂಪಾದನೆಯ ದೊಡ್ಡ ಪಾಲು ಟಿಪ್ಸೇ. ಬಿಸಿಲಲ್ಲಿ ನಿಂತು ಗಾಜು ಒರೆಸಿ, ಗಾಳಿ ನೋಡಿ ಕಳಿಸುತ್ತಾರೆ. ಸರಿಯಾಗಿ ಹಾಕಿದವನಿಗೆ 10 ಪೆಸೋ ಕೊಡಿ, ಎಚ್ಚರದ ಹೆಸರಲ್ಲಿ ಮುಖ ಗಂಟಿಕ್ಕಿಕೊಂಡು ನಿಲ್ಲಬೇಡಿ.

*

ಎಲ್ಲರಿಗೂ ತುಂಬಾ ಧನ್ಯವಾದ, ಮನಸ್ಸು ಹಗುರಾಯಿತು. ನಮ್ಮ ಮಾವ ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡು, ಮೀಟರ್ ಮುಂದೆ ನಿಲ್ಲುವ ಕೆಲಸ ತನ್ನದು ಅಂದಿದ್ದಾರೆ. ಎರಡು ಸಂದೇಹ ಉಳಿದಿವೆ. ದರ ಸರಿಯಾ ಅಂತ ತಿಳಿಯುವುದು ಹೇಗೆ? ಇಷ್ಟೆಲ್ಲ ಮಾಡಿಯೂ ಮೋಸವಾದರೆ ಯಾರಿಗೆ ಹೇಳಬೇಕು?

*

ಮೇಡಂ, 2025ರಲ್ಲಿ ಮಾಗ್ನಾ ಪೆಟ್ರೋಲನ್ನು ಲೀಟರಿಗೆ 24 ಪೆಸೋಗಿಂತ ಹೆಚ್ಚಿಗೆ ಮಾರುವುದಿಲ್ಲ ಅಂತ ಸರ್ಕಾರಕ್ಕೂ ಬಂಕ್ ಮಾಲೀಕರಿಗೂ ಒಪ್ಪಂದವಾಗಿತ್ತು. ಅದು ಸ್ವಇಚ್ಛೆಯ ಒಪ್ಪಂದ, ಕಾನೂನಲ್ಲ, ಹಾಗಾಗಿ ಹೋಗುವ ವಾರದ ದರವನ್ನು ಆ್ಯಪಿನಲ್ಲೇ ನೋಡಿಕೊಳ್ಳಿ. ಪಂಪಿನ ಮೇಲಿನ ದರಕ್ಕೆ ಲೀಟರ್ ಗುಣಿಸಿದರೆ ಕೇಳಿದ ಮೊತ್ತ ಬರಬೇಕು, ಮಾವನವರಿಗೆ ಈ ಲೆಕ್ಕವನ್ನೂ ಒಪ್ಪಿಸಿ.

ಮೋಸವಾದರೆ ಅಲ್ಲೇ ಮ್ಯಾನೇಜರನ್ನು ಕರೆಸಿ, ದನಿ ಏರಿಸದೆ ಮೀಟರಿನ ಫೋಟೋ ತೋರಿಸಿ. ಹಾಕುವ ಮೊದಲೊಂದು, ಮುಗಿದ ಮೇಲೊಂದು ಫೋಟೋ ಹೊಡೆದಿಟ್ಟಿದ್ದರೆ ಭಾಷೆ ಬರದಿದ್ದರೂ ನಡೆಯುತ್ತದೆ. "ಟಿಕೆಟ್" ಅಂತ ಕೇಳಿ ಬಿಲ್ ತೆಗೆದುಕೊಳ್ಳಿ. ಪಂಪ್ ನಂಬರ್, ಪಿಎಲ್ ಅಂತ ಶುರುವಾಗುವ ಬಂಕಿನ ಪರವಾನಗಿ ಸಂಖ್ಯೆ ಎರಡನ್ನೂ ಬರೆದುಕೊಳ್ಳಿ. ಪ್ರೊಫೆಕೋ ಗ್ರಾಹಕ ಸಹಾಯವಾಣಿ 55 5568 8722. ರಾತ್ರಿ ಹೊತ್ತು, ನಿರ್ಜನ ಜಾಗ, ಎದುರಿನವರು ನಾಲ್ಕು ಜನ ಅಂದರೆ ವಾದಕ್ಕೆ ನಿಲ್ಲದೆ ದುಡ್ಡು ಕೊಟ್ಟು ಹೊರಟುಬಿಡಿ, ದೂರು ಮರುದಿನ ಊರು ತಲುಪಿದ ಮೇಲೆ ಕೊಟ್ಟರಾಯಿತು. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ಅಥವಾ ಪೆಟ್ರೋಲ್ ಮುಗಿದರೆ 078 ಒತ್ತಿ, ಆಂಹೆಲೆಸ್ ವೆರ್ದೆಸ್ ಅನ್ನುವ ಸರ್ಕಾರಿ ಹಸಿರು ಗಾಡಿಗಳು ಸಹಾಯಕ್ಕೆ ಬರುತ್ತವೆ. ಆದರೆ ಮರುಭೂಮಿಯ ನಡುವೆ ಎಷ್ಟೋ ದೂರ ಫೋನ್ ಸಿಗ್ನಲ್ ಇರಲ್ಲ, ಅದಕ್ಕೆ ಎಲ್ ರೊಸಾರಿಯೋದ ಫುಲ್ ಟ್ಯಾಂಕ್ ಮಾತ್ರ ಮರೆಯಬೇಡಿ.