‘ಆಫ್‌ಲೈನ್ ಫೈಲ್ಸ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಆಫೀಸಿನ ಕಂಪ್ಯೂಟರ್‌ಗಳ ಮೇಲೆ ಅಂಟಿಸಲು ಒಂದು ಸ್ಟಿಕರ್ ಮಾಡಿಸುತ್ತಿದ್ದೇನೆ. ನಾಳೆ ಪ್ರಿಂಟಿಗೆ ಹೋಗಬೇಕು. ವಿಂಡೋಸ್‌ನಲ್ಲಿ ಸರ್ವರಿನ ಶೇರ್ಡ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಆಲ್‌ವೇಸ್ ಅವೈಲಬಲ್ ಆಫ್‌ಲೈನ್’ ಅಂತ ಬರುತ್ತದಲ್ಲ, ಅದಕ್ಕೆ ಕನ್ನಡ ಬೇಕು. ಅದನ್ನು ಒತ್ತಿದರೆ ಆ ಫೈಲುಗಳ ಒಂದು ಪ್ರತಿ ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಸರ್ವರ್ ಸಿಗದಿದ್ದರೂ ತೆರೆಯಬಹುದು, ತಿದ್ದಬಹುದು. ಮತ್ತೆ ಸರ್ವರ್ ಸಿಕ್ಕಾಗ ತಿದ್ದಿದ್ದೆಲ್ಲ ಅಲ್ಲಿಗೂ ಹೋಗುತ್ತದೆ.

ಹಳೇ ಸ್ಟಿಕರಿನಲ್ಲಿ ‘ಸಂಪರ್ಕರಹಿತ ಕಡತಗಳು’ ಎಂದಿತ್ತು. ಬರೆದವನು ನಾನೇ. ಅದನ್ನು ಓದಿದ ಸಹೋದ್ಯೋಗಿಯೊಬ್ಬರು, ಇವಕ್ಕೂ ಸರ್ವರಿಗೂ ಸಂಬಂಧ ಕಡಿದುಹೋಗಿದೆ ಅಂದುಕೊಂಡರು. ಮನೆಯಲ್ಲಿ ಕೂತು, ಲ್ಯಾಪ್‌ಟಾಪಿನಲ್ಲಿ ಜಾಗ ಆಗಲಿ ಅಂತ ಒಂದಿಡೀ ಫೋಲ್ಡರ್ ಅಳಿಸಿದರು. ಮಾರನೇ ದಿನ ಆಫೀಸಿಗೆ ಬಂದು ಕೇಬಲ್ ಚುಚ್ಚಿದರು. ಅಳಿಸಿದ್ದೂ ಒಂದು ತಿದ್ದುಪಡಿಯೇ ಅಲ್ವಾ? ಸರ್ವರಿನಲ್ಲೂ ಅಳಿಸಿಹೋಯಿತು. ಬ್ಯಾಕಪ್ ಇತ್ತು, ಬಚಾವಾದೆವು.

ಮೂರು ಪದ ಮೀರಬಾರದು. ಸ್ಟಿಕರಿನ ಅಗಲ ಅಷ್ಟೇ.

* * *

‘ಆಫ್‌ಲೈನ್ ಫೈಲ್’ ಎಂದೇ ಹಾಕಿ. ಎಲ್ಲರಿಗೂ ಗೊತ್ತು. ಇದಕ್ಕೂ ಚರ್ಚೆಯೇ?

* * *

> ಎಲ್ಲರಿಗೂ ಗೊತ್ತು

ಸೋಮಾರಿಗಳ ಮಾತು. ಅಪ್ಪಟ ಕನ್ನಡದಲ್ಲಿ ‘ಕಾಪಿಡು’ ಎಂಬ ಪದವಿದೆ. ಕಾಪು + ಇಡು. ಕಾಯುವ ‘ಕಾ’ ಇಲ್ಲಿರುವುದು. ಕಾಪಾಡು ಕೂಡ ಅದರದ್ದೇ ಬಳಗ. ‘ಕಾಪಿಟ್ಟ ಕಡತ’ ಎನ್ನಿ. ಎರಡೇ ಪದ, ಮೂರೂ ಬೇಡ.

ಹೀಗೆ ಕೈಗೆಟುಕುವಲ್ಲಿ ಪ್ರತಿ ಇಟ್ಟುಕೊಳ್ಳುವುದಕ್ಕೆ ಕಂಪ್ಯೂಟರಿನವರು ‘ಕ್ಯಾಶ್’ (cache, ದುಡ್ಡಿನ ಕ್ಯಾಶ್ ಅಲ್ಲ) ಎನ್ನುತ್ತಾರೆ. ಇಂಗ್ಲಿಷಿಗೆ ಅದು ಬಂದಿರುವುದು ಫ್ರೆಂಚಿನಿಂದ, ಅಲ್ಲಿ ಅದರ ಮೂಲ ಅರ್ಥ ಬಚ್ಚಿಡು ಎಂದು. ಈ ಪ್ರತಿಗಳನ್ನು ವಿಂಡೋಸ್ ಇಡುವುದೂ ‘ಸಿಎಸ್‌ಸಿ’ (ಕ್ಲೈಂಟ್ ಸೈಡ್ ಕ್ಯಾಶಿಂಗ್) ಎಂಬ ಫೋಲ್ಡರಿನಲ್ಲಿ. ಕೊನೆಯ ‘ಸಿ’ ಅದೇ ಕ್ಯಾಶಿಂಗ್. ಮಾಮೂಲಿ ಬಳಕೆದಾರರು ಅದರೊಳಗೆ ಇಣುಕಲೂ ಆಗದು. ಹಾಗಾಗಿ ‘ಬಚ್ಚಿಟ್ಟ ಕಡತ’ವೂ ನಡೆಯುತ್ತದೆ.

‘ಕಡತ’ ಮಾತ್ರ ಬಿಡಬೇಡಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕದ ಹೆಸರು ಅದು. ಬೇಕೆಂದಾಗ ಒರೆಸಿ ತಿದ್ದಬಹುದಿತ್ತು. ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಗುತ್ತದೆಯೇ?

* * *

ಸರ್, ‘ಕಾಪಿಟ್ಟ ಕಡತ’ವನ್ನು ಸ್ಟಿಕರ್ ಮೇಲೆ ನೋಡಿದವರು ‘ಕಾಪಿ ಇಟ್ಟ ಕಡತ’ ಅಂತಲೇ ಓದುತ್ತಾರೆ. ತಮಾಷೆ ಏನೆಂದರೆ ಅರ್ಥವೂ ಸರಿಹೋಗುತ್ತದೆ! ಇಂಗ್ಲಿಷನ್ನು ಮುಂಬಾಗಿಲಿನಿಂದ ಓಡಿಸಿದಿರಿ, ಅದು ಹಿತ್ತಿಲಿನಿಂದ ಬಂದು ಕೂತಿತು.

‘ಬಚ್ಚಿಟ್ಟ ಕಡತ’ ಅಂತ ಹಾಕಿದರೆ ಲೆಕ್ಕ ತಪಾಸಣೆಗೆ ಬಂದವರು ಮೊದಲು ಅದನ್ನೇ ತೆಗೆಸುತ್ತಾರೆ. ಬಟ್ಟೆಯ ಕತೆ ಚೆನ್ನಾಗಿದೆ. ಆದರೆ ಇವತ್ತು ಕಡತ ಅಂದರೆ ಹತ್ತಾರು ಕಾಗದಗಳ ಕಟ್ಟು. ಕಂಪ್ಯೂಟರಿನಲ್ಲಿ ಆ ಕಟ್ಟಿಗೆ ಫೋಲ್ಡರ್ ಅಂತಾರೆ, ಫೈಲ್ ಅಲ್ಲ.

ಕೇಳಿದವರಿಗೆ ನನ್ನ ಉತ್ತರ: ನಾಮಪದ ಹುಡುಕಬೇಡಿ. ‘ಆಫ್‌ಲೈನ್ ಫೈಲ್’ ಅನ್ನುವ ಹೆಸರೇ ಇಂಗ್ಲಿಷಿನಲ್ಲಿ ಅರೆಬರೆ. ಫೈಲು ಆಫ್‌ಲೈನ್ ಆಗಿರುವುದಿಲ್ಲ, ನಾವು ಆಗಿರುತ್ತೇವೆ. ಅದನ್ನು ‘ರಹಿತ’ ಹಾಕಿ ಅನುವಾದಿಸಿದ್ದಕ್ಕೇ ನಿಮ್ಮ ಫೋಲ್ಡರ್ ಹೋಗಿದ್ದು. ಕನ್ನಡಕ್ಕೆ ಇಲ್ಲಿ ಬೇಕಾಗಿರುವುದು ಒಂದು ‘ಊ’ ಅಷ್ಟೇ. ‘ಇಲ್ಲದಾಗ ಸಿಗುತ್ತದೆ’ ಅಂದರೆ ಇದ್ದಾಗ ಸಿಗುವುದಿಲ್ಲವೇನೋ ಅನಿಸುತ್ತದೆ. ‘ಇಲ್ಲದಾಗಲೂ ಸಿಗುತ್ತದೆ’ ಅನ್ನಿ, ಇದ್ದಾಗಿನದೂ ಅದರಲ್ಲೇ ಬಂತು.

ಹಾಗೆಯೇ ‘ಅಂತರ್ಜಾಲ ಇಲ್ಲದಾಗಲೂ’ ಅಂತ ಬರೆಯಬೇಡಿ. ಇಂಟರ್‌ನೆಟ್ ಹೋದರೂ ಆಫೀಸಿನೊಳಗಿನ ಸರ್ವರ್ ಸಿಗುತ್ತಲೇ ಇರಬಹುದು. ಇಲ್ಲಿ ಇಲ್ಲದಿರುವುದು ಸರ್ವರ್.

* * *

ಒಂದು ಸಣ್ಣ ನೆನಪು. ವಿಂಡೋಸ್ 95ರಲ್ಲಿ ಹೆಚ್ಚುಕಡಿಮೆ ಇದೇ ಕೆಲಸಕ್ಕೆ ‘ಬ್ರೀಫ್‌ಕೇಸ್’ ಇತ್ತು. ಫೈಲು ಅದರೊಳಗೆ ಹಾಕಿ ಮನೆಗೆ ಒಯ್ಯುವುದು, ತಿದ್ದುವುದು, ತಂದು ‘ಅಪ್‌ಡೇಟ್’ ಒತ್ತುವುದು. ಹೆಸರು ಕೇಳಿದರೇ ಕೆಲಸ ಗೊತ್ತಾಗುತ್ತಿತ್ತು. ವಿಂಡೋಸ್ 2000ದಲ್ಲಿ ‘ಆಫ್‌ಲೈನ್ ಫೈಲ್ಸ್’ ಬಂತು, ಹೆಸರು ಕೆಟ್ಟಿತು. ‘ಕೈಚೀಲ’ ಅಂದರೆ ಹೇಗೆ?

* * *

ಬೇಡ.

> ಅರ್ಥವೂ ಸರಿಹೋಗುತ್ತದೆ!

ನಗುವ ವಿಷಯವಲ್ಲ. ‘ಕಾಪಿಡು’ ನಿಮಗೆ ‘ಕಾಪಿ’ಯಾಗಿ ಕೇಳಿಸುವಷ್ಟು ನಮ್ಮ ಕಿವಿ ಕೆಟ್ಟಿದೆ. ಸರ್ವರ್, ಫೋಲ್ಡರ್, ಸ್ಟಿಕರ್, ಎಲ್ಲವನ್ನೂ ಹಾಗೇ ಇಟ್ಟುಕೊಂಡು ಒಂದು ‘ಊ’ ಸೇರಿಸಿದರೆ ಕನ್ನಡವಾಯಿತೇ?

* * *

ಆಯಿತು, ಸರ್. ಊ, ಇಂದ, ಅಲ್ಲಿ, ಆಗ, ಸಿಗುತ್ತದೆ: ಕನ್ನಡ ಇರುವುದು ಇವುಗಳಲ್ಲೇ. ಕಚೇರಿ, ಅರ್ಜಿ, ಕಾಗದ, ಸಹಿ, ಇವೆಲ್ಲ ಹೊರಗಿನಿಂದಲೇ ಬಂದವು. ನೀವು ಅಡ್ಡಿ ಹೇಳದ ‘ಸಂಪರ್ಕ’, ‘ರಹಿತ’ ಎರಡೂ ಸಂಸ್ಕೃತ. ಸಂಸ್ಕೃತ ಬಂದರೆ ಮನೆಯವರು, ಇಂಗ್ಲಿಷ್ ಬಂದರೆ ಮಾತ್ರ ಹೊರಗಿನವರಾ?

ಅರಬ್ಬಿಯಿಂದ ಬಂದ ‘ನಕಲು’ ನೋಡಿ. ಪ್ರತಿ ಅನ್ನುವುದೇ ಅದರ ಅರ್ಥ, ನಮಗೆ ಬೇಕಾದ್ದೂ ಅದೇ. ಆದರೆ ಇವತ್ತು ‘ನಕಲು ಫೈಲ್’ ಅಂತ ಅಂಟಿಸಿದರೆ ಜನ ಪೊಲೀಸರನ್ನು ಕರೆಯುತ್ತಾರೆ. ಪದ ಎಲ್ಲಿಂದ ಬಂತು ಅನ್ನುವುದಕ್ಕಿಂತ ಈಗ ಏನು ಹೇಳುತ್ತದೆ ಅನ್ನುವುದು ಸ್ಟಿಕರಿಗೆ ಮುಖ್ಯ.

* * *

ಸಂಸ್ಕೃತಕ್ಕೂ ನಾನು ಬಾಗಿಲು ತೆರೆದಿಲ್ಲ. ನನ್ನ ಹಳೆಯ ಪತ್ರಗಳನ್ನು ಓದಿ, ಆಮೇಲೆ ಬರೆಯಿರಿ.

* * *

ಎಲ್ಲರಿಗೂ ಥ್ಯಾಂಕ್ಸ್. ಪ್ರಿಂಟಿಗೆ ಕಳಿಸಿದೆ. ದೊಡ್ಡ ಅಕ್ಷರದಲ್ಲಿ ‘ಸರ್ವರ್ ಇಲ್ಲದಾಗಲೂ ಸಿಗುತ್ತದೆ’. ಕೆಳಗೆ ಸಣ್ಣದಾಗಿ, ಕೆಂಪಿನಲ್ಲಿ ‘ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ’. ಎರಡನೆಯದಕ್ಕೂ ‘ಊ’ನೇ ಕೈಕೊಟ್ಟು ಕಾಪಾಡಿತು.

ಮೆನುವಿನಲ್ಲಿರುವ ‘ಆಲ್‌ವೇಸ್’ ಅನ್ನು ಬೇಕಂತಲೇ ಬಿಟ್ಟೆ. ‘ಯಾವಾಗಲೂ’ ಅಂದರೆ ಯಾವಾಗಲೂ ಹೊಸದೇ ಸಿಗುತ್ತದೆ ಅಂದುಕೊಳ್ಳುತ್ತಾರೆ. ಸಿಗುವುದು ಕೊನೇ ಸಲ ಸರ್ವರಿನೊಂದಿಗೆ ಸಿಂಕ್ ಆದ (ಎರಡೂ ಕಡೆ ಒಂದೇ ಆದ) ಪ್ರತಿ ಮಾತ್ರ. ಅಷ್ಟರಲ್ಲಿ ಸರ್ವರಿನಲ್ಲಿ ಬೇರೆ ಯಾರೋ ಅದೇ ಫೈಲನ್ನು ತಿದ್ದಿರಬಹುದು. ಆಗ ಇದಿರಲಾ, ಅದಿರಲಾ, ಎರಡೂ ಇರಲಾ ಅಂತ ವಿಂಡೋಸ್ ನಮ್ಮನ್ನೇ ಕೇಳುತ್ತದೆ.

‘ಸಿಂಕ್’ಗೂ ಕನ್ನಡ ಕೇಳೋಣ ಅಂತಿದ್ದೆ. ಸುಮ್ನೆ ಬಿಟ್ಟೆ, ಹೊತ್ತಾಗಿತ್ತು.

* * *

‘ಸರಿದೂಗಿಸು’ ಇತ್ತು. ಕೇಳಬಹುದಿತ್ತು.