ಹಳೆಯ ಜೋಡುನಳಿಗೆಯ ಕೋವಿಯಲ್ಲಿ ಇಂದಿನ ತೋಟಾ: ಬಾಯಿ ಹರಿಯುತ್ತಿದೆ, ಒದೆತ ಹೆಚ್ಚಾಗಿದೆ, ಕಾರಣವೇನು?

ಪ್ರಶ್ನೆ

ನನ್ನ ಬಳಿ ಪರವಾನಗಿಯುಳ್ಳ ಹನ್ನೆರಡು ಬೋರಿನ (ನಳಿಗೆಯ ಒಳಗಾತ್ರದ ಅಳತೆ) ಎರಡು ಬೇಟೆ ಕೋವಿಗಳಿವೆ. ಒಂದು ಬರ್ಮಿಂಗ್‌ಹ್ಯಾಮಿನ ಪ್ರೂಫ್ (ನಳಿಗೆ ಒತ್ತಡ ತಡೆಯುತ್ತದೆಯೇ ಎಂಬ ಪರೀಕ್ಷೆ) ಗುರುತುಗಳಿರುವ ಹಳೆಯ ಜೋಡುನಳಿಗೆ. ಇನ್ನೊಂದು ನಳಿಗೆಗಳು ಒಂದರ ಮೇಲೊಂದಿರುವ, 76 ಮಿ.ಮೀ. ಚೇಂಬರಿನ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ), ಚೋಕ್ (ನಳಿಗೆಯ ತುದಿಯ ಬಿಗಿತ) ಬದಲಾಯಿಸಬಹುದಾದ ಹೊಸ ಕೋವಿ. ಎರಡರಲ್ಲಿಯೂ ಒಂದೇ ಪೆಟ್ಟಿಗೆಯ ತೋಟಾಗಳನ್ನು, ಅಂದರೆ 70 ಮಿ.ಮೀ. ಉದ್ದದ, 32 ಗ್ರಾಂ ಸೀಸದ ಚರೆ ತುಂಬಿದವುಗಳನ್ನು, ಹಾರಿಸಿ ನೋಡಿದೆ. ಹೊಸ ಕೋವಿಯಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಹಳೆಯದರಲ್ಲಿ ತೋಟಾ ಸಲೀಸಾಗಿ ಒಳಗೆ ಕೂರುತ್ತದೆ, ಆದರೆ ಹಾರಿಸಿದ ಮೇಲೆ ಖಾಲಿ ತೋಟಾ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಅದರ ಬಾಯಿಯ ಅಂಚು ಎಳೆಎಳೆಯಾಗಿ ಹರಿದಿರುತ್ತದೆ, ಭುಜಕ್ಕೆ ಬೀಳುವ ಒದೆತವೂ ಜೋರಾಗಿರುತ್ತದೆ. ಕೇಪು (ತೋಟಾದ ಬುಡದಲ್ಲಿ ಮದ್ದು ಹೊತ್ತಿಸುವ ಗುಂಡಿ) ಮಾತ್ರ ಮಾಮೂಲಿನಂತೆಯೇ ಕಾಣುತ್ತದೆ.

ನಳಿಗೆಗಳ ಬುಡದ ಚಪ್ಪಟೆ ಭಾಗದಲ್ಲಿ ವಜ್ರಾಕೃತಿಯೊಳಗೆ 12 ಮತ್ತು ಸಿ ಅಕ್ಷರ, ಪಕ್ಕದಲ್ಲಿ 13/1 ಎಂಬ ಅಂಕಿ, ಜೊತೆಗೆ ನೈಟ್ರೋ ಪ್ರೂಫ್, ಗರಿಷ್ಠ 1⅛ ಔನ್ಸ್ ಎಂಬ ಬರಹವಿದೆ. ದೋಷ ಕೋವಿಯದೋ ತೋಟಾದ್ದೋ ತಿಳಿಸಿಕೊಡಿ. ಬಾತುಕೋಳಿಯ ಬೇಟೆಗೆ ಉಕ್ಕಿನ ಚರೆಯನ್ನು ಇದರಲ್ಲಿ ಬಳಸಬಹುದೇ ಎಂಬುದನ್ನೂ ದಯವಿಟ್ಟು ಹೇಳಿ.

ಮೊದಲ ಉತ್ತರ

ಮಾನ್ಯರೇ, ಮೊದಲಿಗೆ ಹಳೆಯ ಕೋವಿಯಲ್ಲಿ ಆ ತೋಟಾಗಳನ್ನು ಹಾರಿಸುವುದನ್ನು ಇವತ್ತೇ ನಿಲ್ಲಿಸಿ. ನೀವು ಬರೆದ ಲಕ್ಷಣಗಳಲ್ಲಿ ಹರಿದ ಬಾಯಿಯೇ ಮುಖ್ಯವಾದ ಸುಳಿವು.

ತೋಟಾದ ಮೇಲೆ ಮುದ್ರಿಸಿದ ಉದ್ದವು ಹಾರಿಸಿದ ನಂತರ ಬಾಯಿ ಪೂರ್ತಿ ಬಿಚ್ಚಿಕೊಂಡಾಗಿನ ಉದ್ದವೇ ಹೊರತು ಹಾರಿಸುವ ಮುಂಚಿನದಲ್ಲ. ನಕ್ಷತ್ರದಂತೆ ಮಡಚಿದ ಬಾಯಿಯ 70 ಮಿ.ಮೀ. ತೋಟಾ, ಮಡಚಿರುವಾಗ 65 ಮಿ.ಮೀ.ಗಿಂತ ಸಾಕಷ್ಟು ಗಿಡ್ಡವಾಗಿರುವುದರಿಂದ ನಿಮ್ಮದರಲ್ಲಿರಬಹುದಾದ 65 ಮಿ.ಮೀ. ಚೇಂಬರಿನಲ್ಲಿಯೂ ಆರಾಮವಾಗಿ ಕೂರುತ್ತದೆ. ತೋಟಾ ಒಳಗೆ ಹೋಯಿತೆಂಬುದರಿಂದ ಅದು ಆ ಕೋವಿಗೆ ಹೊಂದುತ್ತದೆಂದು ಹೇಳಲಾಗದು. ಮದ್ದು ಹೊತ್ತಿದಾಗ ಮಡಿಕೆಗಳು ಮುಂದಕ್ಕೆ ಬಿಚ್ಚಿಕೊಳ್ಳುತ್ತವೆ. ಅಲ್ಲಿ ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಇಳಿಜಾರು ಆರಂಭವಾಗಿರುವುದರಿಂದ ಬಿಚ್ಚಿದ ಅಂಚು ಆ ಇಕ್ಕಟ್ಟಿನೊಳಗೆ ಚಾಚಿಕೊಳ್ಳುತ್ತದೆ, ಚರೆ ಮತ್ತು ವಾಡ್ (ಮದ್ದು, ಚರೆಗಳ ನಡುವಿನ ಬಿರಡೆ) ಅದನ್ನು ಉಜ್ಜಿಕೊಂಡೇ ಹೊರಡಬೇಕಾಗುತ್ತದೆ, ಒಳಗಿನ ಒತ್ತಡ ಏರುತ್ತದೆ. ಒಂದು ಖಾಲಿ ತೋಟಾವನ್ನು ಬೆಳಕಿಗೆ ಹಿಡಿದು ನೋಡಿ. ಮಡಿಕೆಗಳ ತುದಿ ಹಾಳೆಯಂತೆ ತೆಳುವಾಗಿ, ಸುಟ್ಟು, ಕೆಲವೆಡೆ ತುಂಡೇ ಇಲ್ಲದಂತಿದ್ದರೆ ಇದೇ ನಡೆದಿದೆ. ಕೇಪು ಚಪ್ಪಟೆಯಾಗಿಲ್ಲವೆಂದು ಸಮಾಧಾನಪಡಬೇಡಿ. ಚರೆ ಕೋವಿಗಳ ಒತ್ತಡವನ್ನು ಕೇಪು ನೋಡಿ ಅಳೆಯಲಾಗದು.

ಇನ್ನು ಗುರುತುಗಳ ವಿಚಾರ. ವಜ್ರಾಕೃತಿಯ ಗುರುತು 1887ರಿಂದ ಬಳಕೆಯಲ್ಲಿತ್ತು. 1954ರ ನಿಯಮಗಳ ನಂತರ ಪರೀಕ್ಷೆಯಾದ ಬ್ರಿಟಿಷ್ ಕೋವಿಗಳ ಮೇಲೆ ಒತ್ತಡವನ್ನು ಟನ್‌ಗಳಲ್ಲಿ ಗುರುತಿಸುತ್ತಿದ್ದರು. ನಿಮ್ಮದರಲ್ಲಿ ಔನ್ಸ್ ಲೆಕ್ಕವಿರುವುದರಿಂದ ಅದರ ಪರೀಕ್ಷೆ 1954ಕ್ಕೆ ಮುಂಚಿನದು. ನೈಟ್ರೋ ಪ್ರೂಫ್ (ಹೊಗೆರಹಿತ ಮದ್ದಿಗೆ ಪರೀಕ್ಷೆಯಾದದ್ದು) ಎಂದಿರುವುದು ಒಳ್ಳೆಯ ಸುದ್ದಿ. ಕೇವಲ ಕಪ್ಪು ಮದ್ದಿಗೆ ಪರೀಕ್ಷೆಯಾದ ಕೋವಿಯಾಗಿದ್ದರೆ ಹೊಗೆರಹಿತ ಮದ್ದಿನ ಮಾತನ್ನೇ ಎತ್ತುವಂತಿರಲಿಲ್ಲ. 1⅛ ಔನ್ಸ್ ಎಂದರೆ ಸುಮಾರು 32 ಗ್ರಾಂ, ಆದರೆ ಅದು ಚರೆಯ ತೂಕದ ಮೇಲ್ಮಿತಿ ಮಾತ್ರ. ಇಂದಿನ 32 ಗ್ರಾಂ ತೋಟಾದ ಒತ್ತಡಕ್ಕೆ ಅದು ಅನುಮತಿಯಲ್ಲ. 13/1 ಎಂದರೆ ಪರೀಕ್ಷೆಯ ದಿನ ನಳಿಗೆಯ ಒಳವ್ಯಾಸ 0.719 ಅಂಗುಲವಿತ್ತು.

ಕೋವಿ ದುರಸ್ತಿ ಬಲ್ಲವರಿಂದ ಚೇಂಬರಿನ ಉದ್ದ, ಬುಡದಿಂದ 9 ಅಂಗುಲ ಮುಂದೆ ನಳಿಗೆಯ ಒಳವ್ಯಾಸ, ಗೋಡೆಯ ಅತಿ ತೆಳುವಾದ ಜಾಗದ ದಪ್ಪ, ಈ ಮೂರನ್ನು ಅಳೆಸಿ ಇಲ್ಲಿ ಬರೆಯಿರಿ. ನಳಿಗೆಗಳು ಬುಡಕ್ಕೆ ಭದ್ರವಾಗಿ ಕೂರುತ್ತವೆಯೇ, ಮರದ ಹಿಡಿಯ ಕತ್ತಿನಲ್ಲಿ ಸೀಳಿದೆಯೇ ಎಂಬುದನ್ನೂ ಅವರೇ ನೋಡಲಿ.

ಇನ್ನೊಬ್ಬ ಸದಸ್ಯರ ಅಭಿಪ್ರಾಯ

ಇಷ್ಟು ಭಯಪಡಬೇಕಾಗಿಲ್ಲವೆಂದು ನನ್ನ ಅನಿಸಿಕೆ. ನಾನು ಬಹಳ ಕಾಲದಿಂದ 65 ಮಿ.ಮೀ. ಚೇಂಬರಿನಲ್ಲಿ 70 ಮಿ.ಮೀ. ತೋಟಾವನ್ನೇ ಹಾರಿಸುತ್ತಿದ್ದೇನೆ, ಕೋವಿಗೆ ಏನೂ ಆಗಿಲ್ಲ.

ಮೊದಲ ಉತ್ತರಿಸಿದವರಿಂದ

ನಿಮ್ಮ ಅನುಭವವನ್ನು ನಾನು ಸುಳ್ಳೆನ್ನುವುದಿಲ್ಲ. ಉದ್ದನೆಯ ತೋಟಾದಲ್ಲಿಯೇ ಕಡಿಮೆ ಒತ್ತಡದ ಮದ್ದು ತುಂಬಿ, ಹಳೆಯ ಗಿಡ್ಡ ಚೇಂಬರಿಗೂ ಸರಿಹೊಂದುತ್ತದೆಂದು ಪೆಟ್ಟಿಗೆಯ ಮೇಲೆ ಮುದ್ರಿಸಿ ಮಾರಿದ ತಯಾರಕರು ಹಿಂದೆ ಇದ್ದರು. ನಿಮ್ಮ ತೋಟಾ ಅಂಥದ್ದೇ ಇರಬಹುದು. ಆದರೆ ಪ್ರಶ್ನೆ ಕೇಳಿದವರ ಪೆಟ್ಟಿಗೆಯದು ಅಂಥ ತೋಟಾವಲ್ಲವೆಂದು ಆ ಹರಿದ ಬಾಯಿಯೇ ಹೇಳುತ್ತಿದೆ. ಲೋಹ ದಣಿಯುವುದು ಕಣ್ಣಿಗೆ ಕಾಣುವುದಿಲ್ಲ. ಇಂದಿನವರೆಗೆ ತಡೆದುಕೊಂಡ ನಳಿಗೆ ನಾಳೆಯೂ ತಡೆಯುತ್ತದೆಂದು ನಂಬಿ ಇನ್ನೊಬ್ಬರಿಗೆ ಸಲಹೆ ಕೊಡಲಾಗದು. ನಳಿಗೆ ಒಡೆದರೆ ಮೊದಲು ಹೋಗುವುದು ಅದರಡಿ ಇರುವ ಎಡಗೈ.

ಪ್ರಶ್ನಿಸಿದವರ ಮರುಬರಹ

ಅಳತೆ ಮಾಡಿಸಿದೆ. ಎರಡೂ ಚೇಂಬರುಗಳು 65 ಮಿ.ಮೀ. ಇವೆ. ಒಳವ್ಯಾಸ ಎರಡರಲ್ಲಿಯೂ 0.724 ಅಂಗುಲ. ಗೋಡೆಯ ದಪ್ಪ ಬಲ ನಳಿಗೆಯಲ್ಲಿ 0.7 ಮಿ.ಮೀ., ಎಡದಲ್ಲಿ 0.65 ಮಿ.ಮೀ. ಉಬ್ಬಾಗಲಿ ಸೀಳಾಗಲಿ ಇಲ್ಲ. ಬಲಗಡೆಯದು ಕಾಲು ಚೋಕ್, ಎಡಗಡೆಯದು ಫುಲ್ ಚೋಕ್. ಕೋವಿಯ ತೂಕ 2.9 ಕಿ.ಗ್ರಾಂ. ಚೇಂಬರನ್ನೇ 70 ಮಿ.ಮೀ.ಗೆ ಕೊರೆಸಿದರೆ ಎಲ್ಲ ತೋಟಾಗಳೂ ನಡೆಯುತ್ತವಲ್ಲವೇ?

ಮೊದಲ ಉತ್ತರಿಸಿದವರಿಂದ

ಈ ಅಳತೆಗಳನ್ನು ಓದಿ ನಿಜಕ್ಕೂ ಸಂತೋಷವಾಯಿತು. 13/1 ಗುರುತಿನ ನಳಿಗೆ ಸವೆದು ಮುಂದಿನ ಅಳತೆಯಾದ 0.729 ಅಂಗುಲ ಮುಟ್ಟಿದ್ದರೆ ಪ್ರೂಫ್ ಮೀರಿದಂತಾಗುತ್ತಿತ್ತು. ನಿಮ್ಮದು ಇನ್ನೂ ಒಳಗಿದೆ. ಗೋಡೆ 0.5 ಮಿ.ಮೀ.ಗೆ ಇಳಿದಿದ್ದರೆ ಚಿಂತಿಸಬೇಕಿತ್ತು, ಅದೂ ಇಲ್ಲ. ಅಂದರೆ ಕೋವಿಯಲ್ಲಿ ದೋಷವಿಲ್ಲ, ತೋಟಾದ ಆಯ್ಕೆ ಸರಿಯಿರಲಿಲ್ಲ.

ಪೆಟ್ಟಿಗೆಯ ಮೇಲೆ 65 ಮಿ.ಮೀ. ಚೇಂಬರಿಗೆ ಎಂದು ಸ್ಪಷ್ಟವಾಗಿ ಮುದ್ರಿಸಿರುವ, 28 ಗ್ರಾಂ ಅಥವಾ ಹೆಚ್ಚೆಂದರೆ 30 ಗ್ರಾಂ ಸೀಸದ ಚರೆಯ ತೋಟಾ ತೆಗೆದುಕೊಳ್ಳಿ. ಕೋವಿಯ ತೂಕ ಚರೆಯ ತೂಕದ 96 ಪಟ್ಟಾದರೂ ಇರಬೇಕೆಂಬ ಹಳೆಯ ಲೆಕ್ಕದಲ್ಲಿ 2.9 ಕಿ.ಗ್ರಾಂ. ಕೋವಿಗೆ 30 ಗ್ರಾಂ ಸರಿಯಾಗಿ ಕೂರುತ್ತದೆ. ಗಮನಿಸಿ, ಒದೆತ ಮತ್ತು ಒತ್ತಡ ಒಂದೇ ಅಲ್ಲ. ಮೆತ್ತಗೆ ಒದೆಯುವ ತೋಟಾದಲ್ಲಿಯೂ ಒತ್ತಡ ಹೆಚ್ಚಿರಬಹುದು.

ಉಕ್ಕಿನ ಚರೆಯನ್ನು ಈ ಕೋವಿಗೆ ಹಾಕಲೇಬೇಡಿ. ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೆ ದೇಶದಾದ್ಯಂತ ಸೀಸದ ಚರೆಯನ್ನು ನಿಷೇಧಿಸಿದ ಮೇಲೆ ಉಕ್ಕು ಬಹುವಾಗಿ ಬಳಕೆಗೆ ಬಂತು. ಇಂಥ ಹಳೆಯ ನಳಿಗೆಗಳನ್ನು ಮಾಡಿದವರು ಅದನ್ನು ಕಲ್ಪಿಸಿಕೊಂಡೂ ಇರಲಿಲ್ಲ. ಸೀಸ ಮೆತ್ತಗಿದ್ದು ಚೋಕಿನಲ್ಲಿ ಅದುಮಿಕೊಂಡು ಹಾದುಹೋಗುತ್ತದೆ. ಉಕ್ಕು ಅದುಮಿಕೊಳ್ಳುವುದಿಲ್ಲ, ಆದ್ದರಿಂದ ಫುಲ್ ಚೋಕಿನ ಹಿಂದೆ ಉಂಗುರದಂತೆ ಉಬ್ಬು ಏಳಬಹುದು. ಸೀಸ ಕೂಡದೆಂಬ ಕಡೆಗಳಲ್ಲಿ ಬಿಸ್ಮತ್ ಚರೆ ಇದೆ. ಅದರ ಸಾಂದ್ರತೆ 9.8ರ ಆಸುಪಾಸು, ಸೀಸದ್ದು 11.3, ಉಕ್ಕಿನದು 7.8. ಬಿಸ್ಮತ್‌ನಲ್ಲಿಯೂ ಚೇಂಬರಿನ ಉದ್ದದ ನಿಯಮ ಬದಲಾಗುವುದಿಲ್ಲ, ಬೆಲೆ ಮಾತ್ರ ಹೆಚ್ಚು.

ಹೊಸ ಕೋವಿಯ ಮಾತೇ ಬೇರೆ. ನಳಿಗೆಯ ಮೇಲೆ ಲಿಲ್ಲಿ ಹೂವಿನಂಥ ಗುರುತಿದ್ದರೆ ಅದು 1370 ಬಾರ್ ಒತ್ತಡದಲ್ಲಿ ಪರೀಕ್ಷೆಯಾಗಿ ಹೆಚ್ಚು ಶಕ್ತಿಯ ಉಕ್ಕಿನ ತೋಟಾಗೆ ತಕ್ಕದ್ದಾಗಿರುತ್ತದೆ. ಮಾಮೂಲಿ ಪರೀಕ್ಷೆ 930 ಬಾರ್‌ನದು. ಉಕ್ಕು ಬಳಸುವಾಗ ಅರ್ಧ ಚೋಕಿಗಿಂತ ಬಿಗಿಯಾದುದನ್ನು ತಿರುಗಿಸಿ ಹಾಕಬೇಡಿ. ಉಕ್ಕು ಹಗುರವಾದ್ದರಿಂದ ಸೀಸಕ್ಕಿಂತ ಎರಡು ಅಳತೆ ದಪ್ಪನೆಯ ಚರೆಯನ್ನು ಆರಿಸಿಕೊಳ್ಳಿ, ದೂರದ ಹಕ್ಕಿಗೆ ಹೊಡೆಯಬೇಡಿ. 65 ಮಿ.ಮೀ. ತೋಟಾವನ್ನು ಹೊಸ ಕೋವಿಯಲ್ಲಿ ಹಾರಿಸಬಹುದು. ಅದರ 70 ಅಥವಾ 76 ಮಿ.ಮೀ. ತೋಟಾ ಹಳೆಯದಕ್ಕೆ ಎಂದಿಗೂ ಬರಬಾರದು. ಆದ್ದರಿಂದ ಎರಡರ ತೋಟಾಗಳಿಗೂ ಬೇರೆ ಬೇರೆ ಚೀಲಗಳಿರಲಿ. ಇಪ್ಪತ್ತು ಬೋರಿನ ತೋಟಾವಂತೂ ಆ ಚೀಲಗಳ ಹತ್ತಿರ ಸುಳಿಯಲೇಬಾರದು: ಅದು ಹನ್ನೆರಡು ಬೋರಿನ ಚೇಂಬರಿನೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಖಾಲಿಯಿದೆಯೆಂದು ಭಾವಿಸಿ ಅದರ ಹಿಂದೆ ಹನ್ನೆರಡರದನ್ನು ತುಂಬಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ.

ಚೇಂಬರ್ ಕೊರೆಸುವ ಯೋಚನೆಯನ್ನು ಬಿಡಿ. ಕೊರೆದರೆ ಲೋಹ ಕಡಿಮೆಯಾಗುವುದು ಒತ್ತಡ ಹೆಚ್ಚಿರುವ ಜಾಗದಲ್ಲಿಯೇ. ಅದರ ಮೇಲೆ ಹಳೆಯ ಪ್ರೂಫ್ ರದ್ದಾಗಿ, ಮತ್ತೆ ಪರೀಕ್ಷೆಗೆ ಕಳಿಸಬೇಕಾಗುತ್ತದೆ. ಆ ಪರೀಕ್ಷೆಯಲ್ಲಿ ನಳಿಗೆ ಸೋತರೆ ಕೋವಿಯೇ ಹೋಯಿತು. 65 ಮಿ.ಮೀ. ತೋಟಾ ಇನ್ನೂ ತಯಾರಾಗುತ್ತಿರುವಾಗ ಆ ಅಪಾಯಕ್ಕೆ ಕೈಹಾಕಲು ಕಾರಣವೇ ಇಲ್ಲ.